ಮಣೂಕದ ಲೆಕ್ಕ ಆರ್‌ನಲ್ಲಿ: ನನ್ನ ಅನುಭವ

ನಮ್ಮ ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ರೈತರು ತೋಟದ ಅಳತೆಯನ್ನು ಎಕರೆ, ಗುಂಟೆಯಲ್ಲೇ ಹೇಳುತ್ತಾರೆ. 'ಎರಡ ಎಕರೆ ಇಪ್ಪತ್ತ ಗುಂಟೆ ದ್ರಾಕ್ಷಿ ಐತ್ರಿ.' ನಾವು ತುಂಬಿಸಿಕೊಳ್ಳುವ ಫಾರ್ಮಿನಲ್ಲಿ ಅದು 2.20 ಆಗುತ್ತದೆ. ಉತಾರ (ಜಮೀನಿನ ದಾಖಲೆ) ಓದಿ ರೂಢಿ ಇರುವವರಿಗೆ ಇದರಲ್ಲಿ ಗೊಂದಲವೇ ಇಲ್ಲ. ಆದರೆ ಕಂಪ್ಯೂಟರಿಗೆ 2.20 ಅಂದರೆ ಎರಡೂಕಾಲಿಗಿಂತ ಕಡಿಮೆ. ನಿಜವಾದ ಅಳತೆ ಎರಡೂವರೆ ಎಕರೆ, ಏಕೆಂದರೆ 40 ಗುಂಟೆ ಸೇರಿದರೆ ಒಂದು ಎಕರೆ. 2.38 ಅಂತ ಬರೆದವರದ್ದು ಹೆಚ್ಚುಕಮ್ಮಿ ಮೂರು ಎಕರೆ. ಇದನ್ನು ಸರಿಮಾಡದೆ ಲೆಕ್ಕ ಹಾಕಿದರೆ ತೋಟ ಕುಗ್ಗುತ್ತದೆ, ಎಕರೆಗೆ ಇಳುವರಿ ಸುಮ್ನೆ ಜಾಸ್ತಿ ಕಾಣುತ್ತದೆ.

ನಾನು ವಿಜಯಪುರದಲ್ಲಿ ದ್ರಾಕ್ಷಿ ಬೆಳೆಗಾರರ ಒಂದು ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಬೇಸಿಗೆಯಲ್ಲಿ ಒಣಗಿಸುವ ಶೆಡ್‌ಗಳು ಖಾಲಿಯಾದ ಮೇಲೆ ಸದಸ್ಯರಿಂದ ಫಾರ್ಮ್ ತುಂಬಿಸಿಕೊಳ್ಳುತ್ತೇವೆ. ಊರು, ತಾಲೂಕು, ತೋಟದ ಅಳತೆ, ಎಷ್ಟು ಹಸಿ ದ್ರಾಕ್ಷಿ ಬಂತು, ಎಷ್ಟು ಮಣೂಕ (ಒಣದ್ರಾಕ್ಷಿ) ಆಯಿತು, ಯಾವ ದರಕ್ಕೆ ಹೋಯಿತು. ಇದನ್ನೆಲ್ಲ ಆರ್ ಎಂಬ, ಅಂಕಿಅಂಶದ ಲೆಕ್ಕಕ್ಕೆಂದೇ ಇರುವ ಕಂಪ್ಯೂಟರ್ ಭಾಷೆಯಲ್ಲಿ ಹಾಕಿ ಆಡಳಿತ ಮಂಡಳಿಗೆ ಒಂದು ಪುಟದ ಸಾರಾಂಶ ಕೊಡುವುದು ನನ್ನ ಕೆಲಸ. ಆರ್ ಆರಿಸಿಕೊಂಡದ್ದಕ್ಕೆ ದೊಡ್ಡ ಕಾರಣವೇನಿಲ್ಲ. ಅದು ಉಚಿತ, ಮತ್ತು ಒಮ್ಮೆ ಬರೆದಿಟ್ಟ ಸ್ಕ್ರಿಪ್ಟ್ ಮುಂದಿನ ವರ್ಷವೂ ನಡೆಯುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಶುರುಮಾಡಿದ ಭಾಷೆ ಇದು. ಮೊದಲ ಪೂರ್ಣ ಆವೃತ್ತಿ ಬಂದದ್ದು 2000ದ ಫೆಬ್ರುವರಿ 29ರಂದು.

ಡೇಟಾ ಒಳಗೆ ತರುವಾಗಲೇ ಎರಡು ಕಡೆ ಎಚ್ಚರ ಬೇಕು. ಎಕ್ಸೆಲ್‌ನಲ್ಲಿ ಮಾಮೂಲಿ ಸಿಎಸ್‌ವಿ (ಅಲ್ಪವಿರಾಮ ಹಾಕಿ ಕಾಲಂ ಬೇರೆ ಮಾಡುವ ಸಾದಾ ಫೈಲ್) ಎಂದು ಸೇವ್ ಮಾಡಿದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನೆ ಚಿಹ್ನೆ ಆಗಿಬಿಡುತ್ತವೆ. ಅಲ್ಲೇ 'ಸಿಎಸ್‌ವಿ ಯುಟಿಎಫ್-8' ಎಂಬ ಇನ್ನೊಂದು ಆಯ್ಕೆ ಇದೆ, ಅದನ್ನೇ ಒತ್ತಬೇಕು. ಆರ್ ಕೂಡ ಸ್ವಲ್ಪ ಹೊಸದಿರಲಿ. ವಿಂಡೋಸ್‌ನಲ್ಲಿ 2022ರ 4.2 ಆವೃತ್ತಿಯಿಂದ ಈಚೆಗೆ ಕನ್ನಡದ ಕಿರಿಕಿರಿ ಬಹಳ ಕಡಿಮೆಯಾಗಿದೆ.

ಎರಡನೆಯದು ಅಳತೆಯ ಕಾಲಂ. ಸಂಖ್ಯೆಯಾಗಿ ಓದಿಸಿದರೆ 1.10 ಮತ್ತು 1.1 ಒಂದೇ ಆಗಿಬಿಡುತ್ತವೆ. ಒಂದು ಎಕರೆ ಹತ್ತು ಗುಂಟೆಗೂ ಒಂದು ಎಕರೆ ಒಂದು ಗುಂಟೆಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಹಾಗಾಗಿ ಎಕ್ಸೆಲ್‌ನಲ್ಲಿ ಟೈಪ್ ಮಾಡುವ ಮೊದಲೇ ಆ ಕಾಲಂ ಅನ್ನು 'ಟೆಕ್ಸ್ಟ್' ಮಾಡಿಡಬೇಕು. ಆರ್‌ನಲ್ಲಿ ಓದಿಸುವಾಗ 'ಕಾಲ್‌ಕ್ಲಾಸಸ್' ಮೂಲಕ ಅದು ಅಕ್ಷರವೇ ಎಂದು ಹೇಳಬೇಕು. ಆಮೇಲೆ ಚುಕ್ಕೆಯ ಎಡಗಡೆಯದನ್ನು ಎಕರೆ ಅಂತ, ಬಲಗಡೆಯದನ್ನು ಗುಂಟೆ ಅಂತ ಬೇರೆ ಮಾಡುತ್ತೇನೆ. ಗುಂಟೆಯನ್ನು 40ರಿಂದ ಭಾಗಿಸಿ ಎಕರೆಗೆ ಕೂಡಿಸುತ್ತೇನೆ.

ಕೂಡಿಸುವ ಮೊದಲು ಗುಂಟೆಯ ಕಾಲಂ ಒಂದಕ್ಕೇ 'ಸಮ್ಮರಿ' ಆಜ್ಞೆ ಕೊಟ್ಟು ನೋಡುವುದು ನನ್ನ ರೂಢಿ. ಅತಿ ದೊಡ್ಡ ಬೆಲೆ 39 ದಾಟಿರದಿದ್ದರೆ ಬಹುಮಟ್ಟಿಗೆ ನಿಶ್ಚಿಂತೆ. ಅಲ್ಲಿ 50, 75 ಕಂಡರೆ ಯಾರೋ ಎರಡೂವರೆ, ಎರಡೂಮುಕ್ಕಾಲು ಎಕರೆಯನ್ನು ಶಾಲೆಯ ದಶಮಾಂಶದಲ್ಲಿ ಬರೆದಿದ್ದಾರೆ ಎಂದೇ ಅರ್ಥ. ಆ ಫಾರ್ಮ್‌ಗಳನ್ನು ಬದಿಗಿಟ್ಟು ಉತಾರ ನೋಡಿ ತಿದ್ದುತ್ತೇವೆ. ಸಮ್ಮರಿಯನ್ನು ಕೊನೆಯ ವರದಿಗೆ ಮಾತ್ರ ಬಳಸುವವರು ಬಹಳ ಜನ. ನನಗೆ ಅದರ ಹೆಚ್ಚಿನ ಉಪಯೋಗ ಇಲ್ಲೇ, ತಪ್ಪು ಹುಡುಕುವುದರಲ್ಲಿ.

ತಾಲೂಕಿನ ಕಾಲಂಗೆ 'ಟೇಬಲ್' ಆಜ್ಞೆ ಕೊಟ್ಟರೆ ಇನ್ನೊಂದು ತಮಾಷೆ. ವಿಜಯಪುರ ಒಂದು ಸಾಲು, ಬಿಜಾಪುರ ಇನ್ನೊಂದು ಸಾಲು. ಹೆಸರು ಬದಲಾದದ್ದು 2014ರ ನವೆಂಬರ್ 1ಕ್ಕೆ, ಆದರೆ ಹಿರಿಯರ ಪೆನ್ನಿಗೆ ಅದು ಇನ್ನೂ ತಲುಪಿಲ್ಲ! ಬಬಲೇಶ್ವರ ಕೂಡ ಎರಡು ಸಲ ಬರುತ್ತದೆ, ಕಣ್ಣಿಗೆ ಎರಡೂ ಒಂದೇ. ಒಂದರ ಕೊನೆಯಲ್ಲಿ ಸ್ಪೇಸ್ ಇರುತ್ತದೆ, ಅಷ್ಟೇ. 'ಟ್ರಿಮ್‌ಡಬ್ಲ್ಯೂಎಸ್' ಅದನ್ನು ಕತ್ತರಿಸುತ್ತದೆ.

ಇಳುವರಿಯ ಕಾಲಂನಲ್ಲಿ ಕೆಲವರು ಕಿಲೋ ಬರೆದಿರುತ್ತಾರೆ, ಕೆಲವರು ಕ್ವಿಂಟಲ್, ಕೆಲವರು ಟನ್. ಇದನ್ನು ಹಿಡಿಯಲು ನಾನು ಹಸಿ ದ್ರಾಕ್ಷಿಯನ್ನು ಮಣೂಕದಿಂದ ಭಾಗಿಸಿ ಹೊಸ ಕಾಲಂ ಮಾಡುತ್ತೇನೆ. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಒಂದು ಕಿಲೋ ಮಣೂಕ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆ ಕಾಲಂನಲ್ಲಿ ನಾಲ್ಕರ ಆಸುಪಾಸು ಇದ್ದರೆ ಸರಿ. 0.4 ಕಂಡರೆ ಹಸಿ ದ್ರಾಕ್ಷಿ ಟನ್‌ನಲ್ಲಿದೆ, ಮಣೂಕ ಕ್ವಿಂಟಲ್‌ನಲ್ಲಿದೆ. ಇಂಥ ಒಂದು ಭಾಗಾಕಾರ ಆರ್‌ಗೆ ಸೇರಿಸಿಕೊಳ್ಳುವ ಯಾವ ಸಿದ್ಧ ಪ್ಯಾಕೇಜ್‌ಗಿಂತಲೂ ಚೆನ್ನಾಗಿ ಕೆಲಸ ಮಾಡುತ್ತದೆ.

ಖಾಲಿ ಜಾಗ ಮತ್ತು ಸೊನ್ನೆ ಬೇರೆ ಬೇರೆ. ಹಸಿ ದ್ರಾಕ್ಷಿಯನ್ನೇ ಮಾರಿದವರು ಮಣೂಕದ ಜಾಗದಲ್ಲಿ 0 ಬರೆದಿರುತ್ತಾರೆ. ಹೇಳಲು ಮನಸ್ಸಿಲ್ಲದವರು ಖಾಲಿ ಬಿಟ್ಟಿರುತ್ತಾರೆ. ಖಾಲಿ ಇದ್ದದ್ದನ್ನು ಆರ್ 'ಎನ್‌ಎ' ಎಂದು ಗುರುತಿಸುತ್ತದೆ. ಒಂದೇ ಒಂದು ಎನ್‌ಎ ಇದ್ದರೂ 'ಮೀನ್' (ಸರಾಸರಿ) ಕೇಳಿದರೆ ಉತ್ತರ ಎನ್‌ಎ. 'ಎನ್‌ಎ ಡಾಟ್ ಆರ್‌ಎಂ' ಎಂಬುದನ್ನು 'ಟ್ರೂ' ಮಾಡಿದರೆ ಅದನ್ನು ಬಿಟ್ಟು ಲೆಕ್ಕ ಹಾಕುತ್ತದೆ. ಈ ಹಟ ನನಗೆ ಇಷ್ಟ. ಎಷ್ಟು ಜನ ಉತ್ತರ ಕೊಟ್ಟಿಲ್ಲ ಎಂದು ನಾವೇ ಯೋಚಿಸುವಂತೆ ಮಾಡುತ್ತದೆ. ಸೊನ್ನೆ ಬರೆದವರನ್ನು ಮಣೂಕದ ಇಳುವರಿಯ ಲೆಕ್ಕದಿಂದ ಹೊರಗಿಟ್ಟು, ಅವರು ಎಷ್ಟು ಜನ ಎಂದು ಬೇರೆ ಬರೆಯುತ್ತೇನೆ.

ಇಷ್ಟಾದ ಮೇಲೆ ಉಳಿದ ಕೆಲಸ ಬೇಗ ಮುಗಿಯುತ್ತದೆ. ಸಮ್ಮರಿ ಕನಿಷ್ಠ, ಮೊದಲ ಕಾಲುಭಾಗ, ಮೀಡಿಯನ್ (ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಟ್ಟನಡುವೆ ಬರುವ ಬೆಲೆ), ಸರಾಸರಿ, ಮೂರನೇ ಕಾಲುಭಾಗ, ಗರಿಷ್ಠ ಇಷ್ಟನ್ನೂ ಒಂದೇ ಸಾಲಿನಲ್ಲಿ ಕೊಡುತ್ತದೆ. ನಾನು ಮೊದಲು ನೋಡುವುದು ಸರಾಸರಿ ಮತ್ತು ಮೀಡಿಯನ್ ಎಷ್ಟು ದೂರ ಇವೆ ಎಂಬುದನ್ನು. ಉದಾಹರಣೆಗೆ ಐದು ತೋಟ 2, 2.5, 3, 4 ಮತ್ತು 30 ಎಕರೆ ಇವೆ ಅಂದುಕೊಳ್ಳಿ. ಸರಾಸರಿ 8.3 ಎಕರೆ. ಅಷ್ಟು ದೊಡ್ಡ ತೋಟದ ಹತ್ತಿರಕ್ಕೂ ಬಾರದವರು ಐವರಲ್ಲಿ ನಾಲ್ವರು. ಮೀಡಿಯನ್ 3. ಸಣ್ಣ ರೈತರ ನಡುವೆ ಕೆಲವೇ ದೊಡ್ಡ ತೋಟ ಇರುವ ಕಡೆ ಮೀಡಿಯನ್ನೇ ಸರಿ.

ಸ್ಟ್ಯಾಂಡರ್ಡ್ ಡೀವಿಯೇಷನ್ (ಬೆಲೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಬೇಕಾದರೆ 'ಎಸ್‌ಡಿ' ಇದೆ. ಮಂಡಳಿಯ ಪುಟದಲ್ಲಿ ಅದನ್ನು ಹಾಕುವುದಿಲ್ಲ, ಹಾಕಿದರೆ ಯಾರೂ ಓದುವುದಿಲ್ಲ. ಎರಡು ಕಾಲುಭಾಗಗಳ ಬೆಲೆ ಕೊಟ್ಟು 'ನಡುವಿನ ಅರ್ಧ ರೈತರು ಇಷ್ಟರಿಂದ ಇಷ್ಟರೊಳಗೆ ಇದ್ದಾರೆ' ಎಂದು ಬರೆದರೆ ಎಲ್ಲರಿಗೂ ತಿಳಿಯುತ್ತದೆ. ತಾಲೂಕುವಾರು ಬೇಕೆಂದರೆ 'ಅಗ್ರಿಗೇಟ್'. ಜೊತೆಗೆ ಪ್ರತಿ ತಾಲೂಕಿನಿಂದ ಎಷ್ಟು ಫಾರ್ಮ್ ಬಂದಿವೆ ಎಂಬ ಕಾಲಂ ಇರಲೇಬೇಕು. ಮೂರೇ ಫಾರ್ಮ್ ಬಂದ ತಾಲೂಕನ್ನು ತಿಕೋಟಾ ಜೊತೆ ಹೋಲಿಸಿ ಜಗಳ ಹಚ್ಚುವುದು ಬೇಡ, ಅಲ್ವಾ? ಇದೇ ಕಾಲುಭಾಗಗಳನ್ನು ಪೆಟ್ಟಿಗೆಯ ಹಾಗೆ ತೋರಿಸುವ ಬಾಕ್ಸ್‌ಪ್ಲಾಟ್ ಚಿತ್ರ ಕೂಡ ತೆಗೆಯುತ್ತೇನೆ. ಅದರಲ್ಲಿ ದೂರ ಬಿದ್ದ ಚುಕ್ಕೆಗಳನ್ನು ಅಳಿಸುವುದಿಲ್ಲ. ಫಾರ್ಮ್ ತೆಗೆದು ನೋಡುತ್ತೇನೆ, ಹಲವು ಸಲ ಅದು ನಿಜವಾಗಿಯೂ ಚೆನ್ನಾಗಿ ಬೆಳೆದ ತೋಟವೇ ಆಗಿರುತ್ತದೆ.

ಮಂಡಳಿಯ ಹಿರಿಯರೊಬ್ಬರಿಗೆ ಈ ವಿವರವೆಲ್ಲ ಬೇಡ. 'ತಮ್ಮಾ, ಕೋಲ್ಡ್ ಸ್ಟೋರೇಜಿನಾಗ ಎಷ್ಟ ಜಾಗಾ ಹಿಡೀಬೇಕು, ಅದನ್ನಷ್ಟ ಹೇಳು' ಎನ್ನುತ್ತಾರೆ. 'ಕಾಕಾ, ಅದಕ್ಕ ಬ್ಯಾರೆ ಲೆಕ್ಕ ಐತ್ರಿ' ಎಂದು ನಾನು ಇನ್ನೊಂದು ಸಂಖ್ಯೆ ತೋರಿಸುತ್ತೇನೆ. ಒಂದು ಎಕರೆಯವನಿಗೆ ಒಂದು ಟನ್ ಬಂತು, ಒಂಬತ್ತು ಎಕರೆಯವನಿಗೆ ಹದಿನೆಂಟು ಟನ್ ಬಂತು ಎನ್ನೋಣ. ಇಬ್ಬರ ಎಕರೆವಾರು ಇಳುವರಿಯ ಸರಾಸರಿ ಒಂದೂವರೆ ಟನ್. ಆದರೆ ಒಟ್ಟು ಮಾಲನ್ನು ಒಟ್ಟು ಎಕರೆಯಿಂದ ಭಾಗಿಸಿದರೆ 1.9 ಟನ್. ಜಾಗ ಹಿಡಿಯಲು ಬೇಕಾದದ್ದು 1.9. ಆರ್‌ನಲ್ಲಿ 'ವೆಯ್ಟೆಡ್ ಡಾಟ್ ಮೀನ್' ಆಜ್ಞೆಗೆ ಎಕರೆಯನ್ನೇ ತೂಕವಾಗಿ ಕೊಟ್ಟರೆ ಇದೇ ಉತ್ತರ ಬರುತ್ತದೆ. ಒಬ್ಬ ರೈತ ತನ್ನ ತೋಟ ಉಳಿದವರಿಗಿಂತ ಹೇಗಿದೆ ಎಂದು ಕೇಳಿದರೆ ಮಾತ್ರ ಎಕರೆವಾರು ಇಳುವರಿಯ ಮೀಡಿಯನ್ ತೋರಿಸುತ್ತೇನೆ. ಎರಡೂ ಸಂಖ್ಯೆ ಪುಟದಲ್ಲಿ ಇರುತ್ತವೆ, ಯಾವುದು ಯಾವುದಕ್ಕೆ ಎಂದು ಪಕ್ಕದಲ್ಲೇ ಬರೆದಿರುತ್ತೇನೆ. ಕಾಕಾ ಮೊದಲನೆಯದನ್ನು ಡೈರಿಯಲ್ಲಿ ಬರೆದುಕೊಂಡು, ಸೀದಾ ಬಾಡಿಗೆ ದರದ ಮಾತಿಗೆ ಹೋಗುತ್ತಾರೆ.