ಪ್ಲೈವುಡ್ ಹಲಗೆ ಮತ್ತು 38 ಹರ್ಟ್ಜ್

ಗಣಪತಿ ಹಬ್ಬಕ್ಕೆ ಮುಂಚೆ ಪುಣೆಯ ಮುಠಾ ನದಿಯ ದಡದಲ್ಲಿ ಢೋಲ್-ತಾಶಾ ಪಥಕಗಳು, ಅಂದರೆ ದೊಡ್ಡ ಢೋಲು, ಸಣ್ಣ ತಾಶೆ ಬಾರಿಸುವ ತಂಡಗಳು, ಅಭ್ಯಾಸ ಮಾಡುತ್ತವೆ. ನಾನು ಸಾಗರದ ಕಡೆಯವನು, ಡೊಳ್ಳು ಕುಣಿತ ನೋಡಿ ಬೆಳೆದವನು. ಢೋಲಿನ ಪೆಟ್ಟು ಎದೆಗೂಡಿಗೆ ಬಡಿದಾಗ ಊರೇ ಎದುರಿಗೆ ಬರುತ್ತದೆ. ಆದರೆ ತಾಶೆಯ ಸದ್ದಿಗೆ ಸ್ವಲ್ಪ ಹೊತ್ತಿನಲ್ಲೇ ಕಿವಿ ಗುಂಯ್ ಅನ್ನುತ್ತದೆ. ಕಿವಿಗೆ ನೋವಾಗದೆ ಆ ಭಾರ ಮಾತ್ರ ಮೈಗೆ ಸಿಗುವ ಹಾಗೆ ಒಂದು ಇನ್‌ಸ್ಟಲೇಶನ್ (ಜನ ಒಳಗೆ ಬಂದು ಅನುಭವಿಸುವ ಕಲಾಕೃತಿ) ಮಾಡಬೇಕು ಅಂತ ನನಗೆ ತುಂಬಾ ಆಸೆಯಿತ್ತು.

ಕಸಬಾ ಪೇಟೆಯ ಹಳೆ ವಾಡೆಯೊಂದರ ಮಾಳಿಗೆಯಲ್ಲಿ ಕೋಣೆ ಸಿಕ್ಕಿತು. 15 ಅಡಿ ಉದ್ದ, ಮರದ ನೆಲ. ತಗ್ಗು ಸದ್ದಿನ ಸ್ಪೀಕರ್, ಸಬ್‌ವೂಫರ್, ಬಾಡಿಗೆಗೆ ತಂದು 38 ಹರ್ಟ್ಜ್ ಹಾಕಿದೆ. ಅಂದರೆ ಸೆಕೆಂಡಿಗೆ 38 ಸಲ ಅದುರುವ ಸ್ವರ. ಕಿಟಕಿ ಗಾಜು ಗಡಗಡ ಅಂದವು. ಗೋಡೆಯ ಹತ್ತಿರ ಮೈ ತುಂಬ ಭಾರ, ನಡುವೆ ಬಂದರೆ ಏನೂ ಇಲ್ಲ! ಎರಡು ದಿನ ಸುಮ್ನೆ ವೈರ್ ಬಿಚ್ಚಿ ನೋಡಿದೆ. ಕಾರಣ ಇದ್ದದ್ದು ಕೋಣೆಯಲ್ಲಿ. ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ಅಂದರೆ 38 ಹರ್ಟ್ಜ್‌ನ ಒಂದು ಅಲೆ ಸುಮಾರು 9 ಮೀಟರ್. ನನ್ನ ಕೋಣೆ ಸುಮಾರು ನಾಲ್ಕೂವರೆ ಮೀಟರ್, ಅದರಲ್ಲಿ ಅರ್ಧ. ಹೋಗುವ ಅಲೆ, ಗೋಡೆಗೆ ಬಡಿದು ಬರುವ ಅಲೆ ಎರಡೂ ಸೇರಿ ನಟ್ಟನಡುವೆ ಒಂದನ್ನೊಂದು ಅಳಿಸುತ್ತಿದ್ದವು. ಜನ ನಿಲ್ಲುವುದು ಅಲ್ಲೇ ಅಲ್ವಾ?

ಗಾಳಿಯ ಸಹವಾಸವೇ ಬೇಡ ಅನಿಸಿತು. ಬಾಸ್ ಶೇಕರ್ ತಂದೆ. ಸ್ಪೀಕರಿನಲ್ಲಿ ಗಾಳಿ ತಳ್ಳುವ ಕೋನ್ ಇದಕ್ಕಿಲ್ಲ. ಒಳಗಿನ ತೂಕ ಅಲ್ಲಾಡಿ, ಬೋಲ್ಟ್ ಹಾಕಿದ ವಸ್ತುವನ್ನೇ ಅದುರಿಸುತ್ತದೆ. 6 ಅಡಿ ಉದ್ದ, 3 ಅಡಿ ಅಗಲ, 18 ಎಂಎಂ ದಪ್ಪದ ಪ್ಲೈವುಡ್ ಹಲಗೆಯ ಅಡಿಗೆ ಅದನ್ನು ಬಿಗಿದೆ. 80 ಹರ್ಟ್ಜ್‌ಗಿಂತ ಮೇಲಿನದನ್ನು ಫಿಲ್ಟರ್‌ನಲ್ಲಿ ಕತ್ತರಿಸಿದೆ. ಮಲಗಿದರೆ ಬೆನ್ನು, ಪಕ್ಕೆಲುಬು, ಹಿಮ್ಮಡಿ ಎಲ್ಲಾ ಕಡೆ ಸಣ್ಣ ನಡುಕ. ಪಕ್ಕದಲ್ಲಿ ನಿಂತವರಿಗೆ ಹೆಚ್ಚುಕಮ್ಮಿ ಏನೂ ಕೇಳುವುದಿಲ್ಲ.

ಮರುದಿನವೇ ಕೆಳಗಿನ ಮನೆಯಿಂದ ದೂರು ಬಂತು. ಅವರ ಸ್ಟೀಲ್ ತಟ್ಟೆಗಳು ಅದುರುತ್ತಿದ್ದವು. ರಬ್ಬರ್ ಮ್ಯಾಟ್ ಹಾಕಿದೆ, ಸಾಲಲಿಲ್ಲ. ಗಟ್ಟಿ ರಬ್ಬರ್ ಇಷ್ಟು ನಿಧಾನದ ನಡುಕವನ್ನು ಹಾಗೇ ಕೆಳಗೆ ದಾಟಿಸುತ್ತದೆ. ಕೊನೆಗೆ ಸ್ಕೂಟರ್ ಟ್ಯೂಬ್‌ಗಳಿಗೆ ಅರ್ಧ ಗಾಳಿ ತುಂಬಿ ಹಲಗೆಯ ಕೆಳಗಿಟ್ಟೆ. ತಟ್ಟೆ ಸುಮ್ಮನಾದವು. ನಡುಕ ಹಲಗೆಯಲ್ಲೇ ಉಳಿದು, ಮೈಗೆ ಇನ್ನೂ ಜಾಸ್ತಿ ಸಿಕ್ಕಿತು.

ಒಂದೇ ಸ್ವರ ಐದು ನಿಮಿಷಕ್ಕೆ ಮರೆತುಹೋಗುತ್ತದೆ, ಮೈ ಅದಕ್ಕೆ ಒಗ್ಗಿಬಿಡುತ್ತದೆ. ಅದಕ್ಕೇ 38 ಮತ್ತು 38.2 ಹರ್ಟ್ಜ್ ಒಟ್ಟಿಗೆ ಬಿಟ್ಟೆ. ಐದು ಸೆಕೆಂಡಿಗೊಮ್ಮೆ ನಡುಕ ಏರಿ ಇಳಿಯುತ್ತದೆ. ನಿದ್ದೆಯಲ್ಲಿರುವವರ ಉಸಿರಿನ ಹಾಗೆ. ಒಬ್ಬರಿಗೆ ಹತ್ತು ನಿಮಿಷ ಸಾಕು. ಪೇಸ್‌ಮೇಕರ್ ಇದ್ದವರನ್ನೂ ಬಸುರಿಯರನ್ನೂ ಮಲಗಿಸಲಿಲ್ಲ.

ನಮ್ಮ ಪಕ್ಕದ ಮನೆಯ ಧಾರವಾಡದ ಅಜ್ಜಿಗೆ ಕಿವಿ ಅಷ್ಟಾಗಿ ಕೇಳುವುದಿಲ್ಲ. ಅವರು ಮಲಗದೆ, ಹಲಗೆಯ ಅಂಚಿನಲ್ಲಿ ಕೂತು ಎರಡೂ ಅಂಗೈ ಊರಿದರು. ಸ್ವಲ್ಪ ಹೊತ್ತಿಗೆ ಕಣ್ಣು ಮುಚ್ಚಿದರು. ಹತ್ತು ನಿಮಿಷವಾದ ಮೇಲೆ ಆಂಪ್ ಆಫ್ ಮಾಡಲು ಹೋದೆ. "ತಡಿಯಪ್ಪಾ, ಬಂಡಿ ಇನ್ನೂ ಊರು ಮುಟ್ಟಿಲ್ಲ" ಅಂದರು.