ನುಡಿ ಫಾಂಟಿನ ಪಿಡಿಎಫ್ ಅನ್ನು ಸ್ಕ್ರೀನ್ ರೀಡರ್ ಓದಬೇಕಾದರೆ
ಕಚೇರಿಯಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ (ಪರದೆಯ ಪಠ್ಯವನ್ನು ಓದಿ ಹೇಳುವ ತಂತ್ರಾಂಶ) ಬಳಸುವ ದೃಷ್ಟಿದೋಷವುಳ್ಳ ಸಹೋದ್ಯೋಗಿಗೆ ನುಡಿ ಅಥವಾ ಬರಹ ಎಂಬ ಕನ್ನಡ ಬೆರಳಚ್ಚು ತಂತ್ರಾಂಶಗಳ ಹಳೆಯ ಫಾಂಟಿನಲ್ಲಿರುವ ಪಿಡಿಎಫ್ ಸುತ್ತೋಲೆಯನ್ನು ಕಳುಹಿಸುವ ಮೊದಲು, ಅದರ ಪುಟಗಳನ್ನು ಚಿತ್ರಗಳಾಗಿ ಉಳಿಸಿ, ಗೂಗಲ್ ಡ್ರೈವ್‌ಗೆ ಏರಿಸಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಚಿತ್ರದ ಕೆಳಗೆ ಯೂನಿಕೋಡ್ ಪಠ್ಯ, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಪಠ್ಯ, ಮೂಡುತ್ತದೆ, ಅದನ್ನು ಎನ್‌ವಿಡಿಎ ಜೊತೆಗೇ ಬರುವ ಇ-ಸ್ಪೀಕ್ ಕನ್ನಡ ಧ್ವನಿ ಓದುತ್ತದೆ. ಹಳೆಯ ಫಾಂಟುಗಳಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡವಾದರೂ ಒಳಗೆ ಉಳಿದಿರುವುದು ರೋಮನ್ ಚಿಹ್ನೆಗಳ ಸಂಕೇತ, ಆದ್ದರಿಂದ ಸ್ಕ್ರೀನ್ ರೀಡರ್ ಅರ್ಥವಿಲ್ಲದ ಸದ್ದುಗಳನ್ನು ಉಚ್ಚರಿಸುತ್ತದೆ. ಗೂಗಲ್ ಡಾಕ್ಸ್‌ನಲ್ಲಿ ಅಕ್ಷರ ಗುರುತಿಸುವ ಕೃತಕ ಬುದ್ಧಿಮತ್ತೆಯಾದರೋ ಸಂಕೇತವನ್ನು ಬಿಟ್ಟು ಅಕ್ಷರದ ಆಕಾರವನ್ನೇ ನೋಡುತ್ತದೆ. ಚಿತ್ರ ನೇರವಾಗಿರಲಿ, 2 ಎಂಬಿ ಮೀರದಿರಲಿ. ಕೋಷ್ಟಕಗಳಲ್ಲಿ ಈ ಉಪಾಯ ಸೋಲುತ್ತದೆ: ಕಂಬಸಾಲುಗಳು ಬೆರೆತು ಒಬ್ಬರ ಹೆಸರಿನ ಮುಂದೆ ಇನ್ನೊಬ್ಬರ ವೇತನ ಬಂದು ಕೂರಬಹುದು. ಮೊಹರು ಬಿದ್ದ ಸಾಲುಗಳು, ಕೈಬರಹ, ಮಸುಕಾದ ಒತ್ತಕ್ಷರಗಳು ಕೂಡ ಕೆಡುತ್ತವೆ; ಕನ್ನಡ ಅಂಕಿಯ ಸೊನ್ನೆಯೂ ಅನುಸ್ವಾರವೂ ಒಂದೇ ಆಕಾರದವಾದ್ದರಿಂದ ದಿನಾಂಕ ಮತ್ತು ಮೊತ್ತವನ್ನು ಕಣ್ಣಿರುವವರೊಬ್ಬರು ಮೂಲದೊಂದಿಗೆ ತಾಳೆ ನೋಡಲೇಬೇಕು. ಆಧಾರ್ ಸಂಖ್ಯೆ, ವೈದ್ಯಕೀಯ ವಿವರಗಳಿರುವ ಕಡತಗಳನ್ನು ದಯವಿಟ್ಟು ಹೀಗೆ ಏರಿಸಬೇಡಿ. ಮೂಲ ವರ್ಡ್ ಕಡತವೇ ಸಿಗುವುದಾದರೆ ಈ ಸುತ್ತುದಾರಿ ಬೇಡ, ಆಸ್ಕಿಯಿಂದ (ಹಳೆಯ ಫಾಂಟುಗಳ ಆ ರೋಮನ್ ಸಂಕೇತದಿಂದ) ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ಹೆಚ್ಚು ನಿಖರ. ಇನ್ನೂ ಒಳ್ಳೆಯದೆಂದರೆ, ಬೆರಳಚ್ಚು ಮಾಡುವವರನ್ನೇ ನುಡಿಯ ಯೂನಿಕೋಡ್ ಆಯ್ಕೆಯಲ್ಲಿ ಬರೆಯುವಂತೆ ಕೇಳಿಕೊಳ್ಳುವುದು. ಆಗ ನಮ್ಮ ಸಹೋದ್ಯೋಗಿ ಸುತ್ತೋಲೆ ಬಂದ ಕ್ಷಣದಲ್ಲೇ, ಯಾರಿಗೂ ಕಾಯದೆ, ಅದನ್ನು ತಾವೇ ಓದಿಕೊಳ್ಳುತ್ತಾರೆ.