ಮಗು ಕೂಲೆಂಟ್ ಕುಡಿದಾಗ ಮಾಡಬೇಕಾದದ್ದು

ಟ್ರ್ಯಾಕ್ಟರಿನ ರೇಡಿಯೇಟರಿಗೆ ಹಾಕಿ ಮಿಕ್ಕ ಕೂಲೆಂಟನ್ನು ಹಳೆಯ ಜ್ಯೂಸ್ ಬಾಟಲಿಗೆ ಸುರಿದು ಜಗಲಿಯ ಮೂಲೆಯಲ್ಲಿಡುವುದು ಮಂಡ್ಯದ ಕಡೆ ಅಪರೂಪವೇನಲ್ಲ. ಹಲವು ಕೂಲೆಂಟ್‌ಗಳಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವುದರಿಂದ, ಹಸಿರೋ ಕೆಂಪೋ ಬಣ್ಣದ ಆ ದ್ರವವನ್ನು ಮಗು ಷರಬತ್ತೆಂದೇ ತಿಳಿದು ಕುಡಿಯುತ್ತದೆ. ಸಣ್ಣ ಮಗುವಿಗೆ ಒಂದೆರಡು ಗುಟುಕೇ ಅಪಾಯ.

ತಿಳಿದೊಡನೆ ಬಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, 108ಕ್ಕೆ ಕರೆ ಮಾಡಬೇಕು; ಮನೆಯಲ್ಲೇ ವಾಹನವಿದ್ದರೆ ಆಂಬುಲೆನ್ಸಿಗೆ ಕಾಯದೆ ಹೊರಡುವುದು ಲೇಸು. ಬೆರಳು ಹಾಕಿ ವಾಂತಿ ಮಾಡಿಸುವುದು, ಉಪ್ಪುನೀರು ಅಥವಾ ಹುಣಸೆ ನೀರು ಕುಡಿಸುವುದು ಬೇಡವೇ ಬೇಡ. ಎಚ್ಚರ ತಪ್ಪಿದ್ದರೆ ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ ಹತ್ತಿರದ ಆಸ್ಪತ್ರೆಗೇ ಒಯ್ಯಬೇಕು. ಎಚ್ಚರವಿದ್ದರೆ ಮಂಡ್ಯದ ಮಿಮ್ಸ್, ಮೈಸೂರಿನ ಚೆಲುವಾಂಬದಂತಹ ದೊಡ್ಡ ಆಸ್ಪತ್ರೆಗೆ ಹೊರಟು, ಮಕ್ಕಳಿಗೆ ಡಯಾಲಿಸಿಸ್ ಎಲ್ಲಿ ಸಿಗುತ್ತದೆಂದು ದಾರಿಯಲ್ಲೇ ಫೋನ್ ಮಾಡಿ ವಿಚಾರಿಸಬಹುದು. ಕ್ಯಾನನ್ನು ಲೇಬಲ್ ಸಮೇತ ಕೊಂಡೊಯ್ದು, ಎಷ್ಟು ಹೊತ್ತಿಗೆ ಕುಡಿಯಿತು, ಅಂದಾಜು ಎಷ್ಟು ಕುಡಿಯಿತು, ಮಗುವಿನ ತೂಕ ಎಷ್ಟು ಎಂಬುದನ್ನು ವೈದ್ಯರಿಗೆ ತಿಳಿಸಬೇಕು.

ಆಟವಾಡುತ್ತಿದೆಯಲ್ಲ, ಬೆಳಿಗ್ಗೆ ನೋಡೋಣ ಎಂಬ ಮಾತೇ ಇಲ್ಲಿ ಅತಿ ದೊಡ್ಡ ಅಪಾಯ. ಮೊದಲ ಕೆಲವು ಗಂಟೆಗಳಲ್ಲಿ ಮಗು ಕುಡಿದವರಂತೆ ತೂರಾಡಬಹುದು, ವಾಂತಿ ಮಾಡಬಹುದು, ಮಂಪರಿಗೆ ಜಾರಬಹುದು. ಏನೂ ಕಾಣದೆಯೂ ಇರಬಹುದು. ಅಷ್ಟರಲ್ಲಿ ಯಕೃತ್ತು ಗ್ಲೈಕಾಲನ್ನು ಗ್ಲೈಕಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳಾಗಿ ಬದಲಿಸುತ್ತಿರುತ್ತದೆ. ನಿಜವಾದ ವಿಷ ಆ ಆಮ್ಲಗಳೇ: ರಕ್ತ ಆಮ್ಲೀಯವಾಗಿ ಉಸಿರು ಏರುತ್ತದೆ, ಹೃದಯ ಬಳಲುತ್ತದೆ, ಸಾಮಾನ್ಯವಾಗಿ 24ರಿಂದ 72 ಗಂಟೆಗಳೊಳಗೆ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಮೂತ್ರಪಿಂಡವನ್ನು ಕೆಡಿಸುತ್ತವೆ. ಆದ್ದರಿಂದ ಮೊದಲ ರಕ್ತಪರೀಕ್ಷೆ ಸರಿಯಿದ್ದ ಮಾತ್ರಕ್ಕೆ ವೈದ್ಯರು ಹೇಳುವ ಮುನ್ನ ಮಗುವನ್ನು ಮನೆಗೆ ಕರೆತರಬಾರದು.

ಫೋಮೆಪಿಜೋಲ್ ಎಂಬ ಮದ್ದು ಈ ಬದಲಾವಣೆ ಮಾಡುವ ಕಿಣ್ವವನ್ನು ಯಕೃತ್ತಿನಲ್ಲೇ ತಡೆಯುತ್ತದೆ. ಆದರೆ ಅದು ಎಲ್ಲ ಕಡೆಯೂ ಸಿಗುವುದಿಲ್ಲ. ಸಿಗದಿದ್ದಲ್ಲಿ ವೈದ್ಯರು ಅಳತೆಯ ಎಥನಾಲ್ ಕೊಡುತ್ತಾರೆ, ಏಕೆಂದರೆ ಅದೂ ಅದೇ ಕಿಣ್ವವನ್ನು ಹಿಡಿದಿಡುತ್ತದೆ. ಇದನ್ನು ಕೇಳಿ ಮನೆಯಲ್ಲಿ ಬ್ರಾಂದಿ ಕುಡಿಸಲು ಮುಂದಾಗುವವರೂ ಇದ್ದಾರು; ಹಾಗೆ ಮಾಡಲೇಬಾರದು. ಮದ್ಯದಿಂದ ಮಗುವಿನ ಸಕ್ಕರೆ ಅಂಶ ದಿಢೀರನೆ ಕುಸಿಯುತ್ತದೆ, ಹಾಗಾಗಿ ಆಸ್ಪತ್ರೆಯಲ್ಲೂ ರಕ್ತದ ಸಕ್ಕರೆಯನ್ನು ಮತ್ತೆ ಮತ್ತೆ ನೋಡುತ್ತಲೇ ಅದನ್ನು ಕೊಡುತ್ತಾರೆ. ಆಮ್ಲತೆ ಹೆಚ್ಚಿದ್ದರೆ ಅಥವಾ ಮೂತ್ರಪಿಂಡ ಸೋತರೆ ಡಯಾಲಿಸಿಸ್ ಬೇಕಾಗುತ್ತದೆ. ಹೊಟ್ಟೆಯ ವಿಷ ಹೀರಲೆಂದು ಕೊಡುವ ಇದ್ದಿಲಿನ ಪುಡಿ ಗ್ಲೈಕಾಲನ್ನು ಹೀರುವುದು ತೀರಾ ಕಡಿಮೆ, ಅದಕ್ಕಾಗಿ ಹೊತ್ತು ಕಳೆಯಬೇಕಿಲ್ಲ.

ಮಿಕ್ಕ ಕೂಲೆಂಟನ್ನು ಅದರದೇ ಕ್ಯಾನಿನಲ್ಲಿ ಮುಚ್ಚಳ ಬಿಗಿದು, ಬೀಗವಿರುವ ಕಪಾಟಿನಲ್ಲಿಡಬೇಕು. ನೆಲಕ್ಕೆ ಚೆಲ್ಲಿದ್ದನ್ನು ಆಗಲೇ ತೊಳೆಯಬೇಕು, ಏಕೆಂದರೆ ಆ ಸಿಹಿ ನಾಯಿ ಬೆಕ್ಕುಗಳನ್ನೂ ಬಿಡುವುದಿಲ್ಲ.